ಮರಗೆಣಸಿಗೆ ಜಾಗ ಆರಿಸುವವರು ಕಕ್ಕಡದ ಮಳೆಯಲ್ಲಿ ಒಮ್ಮೆ ಹೋಗಿ ನೋಡಿ

ಮರಗೆಣಸು ಎಲ್ಲಿ ಊರಿದರೂ ಬರುತ್ತದೆ ಎಂಬ ಮಾತನ್ನು ಕೊಡಗಿನಲ್ಲಿ ಕೇಳದವರಿಲ್ಲ. ಬೇಲಿಯ ಪಕ್ಕದಲ್ಲಿ ಚುಚ್ಚಿದ ಒಂದು ಕೋಲು ಚಿಗುರಿ, ವರ್ಷದೊಳಗೆ ಆಳೆತ್ತರ ಬೆಳೆದು, ಬುಡ ಕಿತ್ತರೆ ಮೊಳದುದ್ದದ ಗೆಡ್ಡೆ ಕೊಟ್ಟದ್ದನ್ನು ಕಂಡವರಿಗೆ ಆ ಮಾತು ಸುಳ್ಳೆನಿಸುವುದೂ ಇಲ್ಲ. ಕಾಫಿಯ ಜೊತೆಗೆ ಇನ್ನೊಂದು ಆದಾಯವಿರಲಿ ಎಂದು ಖಾಲಿ ಬಿದ್ದ ಬಾಣೆಯ (ಗದ್ದೆಗೆ ಮೇಲಿನ ಎತ್ತರದ ಜಮೀನಿನ) ತುಂಡಿನಲ್ಲಿ, ಶುಂಠಿ ತೆಗೆದ ಜಾಗದಲ್ಲಿ ಇದನ್ನು ಹಾಕಲು ಹೊರಟವರನ್ನು ನಾನು ನೋಡುತ್ತಿದ್ದೇನೆ. ಅವರಿಗಾಗಿ ಈ ಬರಹ.

ಮೊದಲು ಬೆಳೆಯ ಸ್ವಭಾವ ತಿಳಿಯಬೇಕು. ಗಿಡದಿಂದ ಗಿಡಕ್ಕೆ ಮೂರು ಅಡಿ ಬಿಟ್ಟು ನೆಡುತ್ತೇವೆ. ಎಲೆಗಳು ಒಂದಕ್ಕೊಂದು ತಾಗಿ ನೆಲ ಮುಚ್ಚಲು ಮೂರು ತಿಂಗಳಾದರೂ ಬೇಕು. ಏಪ್ರಿಲ್ ಕೊನೆಗೆ ನೆಟ್ಟರೆ ಜೂನ್, ಜುಲೈ ತಿಂಗಳ ಮಳೆ ಹೆಚ್ಚುಕಡಿಮೆ ಬರಿನೆಲದ ಮೇಲೆಯೇ ಬೀಳುತ್ತದೆ. ಕೊಯ್ಲಿನ ಹೊತ್ತಿಗೆ ಮತ್ತೆ ಒಂದಡಿ ಆಳದ ಮಣ್ಣೆಲ್ಲ ಮಗುಚಿಕೊಳ್ಳುತ್ತದೆ. ಆದ್ದರಿಂದ ಗೆಣಸು ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲು, ಗೆಣಸು ಕಿತ್ತ ಮೇಲೆ ಆ ನೆಲ ಹೇಗಿರುತ್ತದೆ ಎಂದು ಕೇಳಬೇಕು. 2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಕಾಣುವುದಿಲ್ಲ.

ಮಳೆ ಪುಸ್ತಕ ತೆಗೆಯಿರಿ

ನಮ್ಮಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಇರುತ್ತದೆ. ಬೆಳಿಗ್ಗೆ ಎದ್ದವರು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುತ್ತಾರೆ. ಜಾಗ ನೋಡುವ ಕೆಲಸ ಆ ಪುಸ್ತಕದಿಂದಲೇ ಶುರುವಾಗಲಿ. ಮರಗೆಣಸಿಗೆ ವರ್ಷಕ್ಕೆ 1,000ದಿಂದ 1,500 ಮಿ.ಮೀ. ಮಳೆ, ಅಂದರೆ 40ರಿಂದ 60 ಇಂಚು, ಸಾಕು. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅಲ್ಲಿಂದ ಪೂರ್ವಕ್ಕಿಳಿದು ಕುಶಾಲನಗರಕ್ಕೆ ಬಂದರೆ ಮಡಿಕೇರಿಯ ಮಳೆಯ ಮೂರನೇ ಒಂದು ಭಾಗದ ಆಸುಪಾಸು. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ ಇರುವುದರಿಂದ ಬೇರೆ ಊರಿನ ನೆಂಟರು ಬೆಳೆದರು ಎಂಬ ಒಂದೇ ಕಾರಣಕ್ಕೆ ನೀವು ಬೆಳೆಯಲು ಹೋಗಬಾರದು. ಹೆಚ್ಚು ಮಳೆಯನ್ನು ಈ ಗಿಡ ತಾಳುತ್ತದೆ. ತಾಳದಿರುವುದು ಬುಡದಲ್ಲಿ ನಿಂತ ನೀರನ್ನು.

ಚಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 25ರಿಂದ 29 ಡಿಗ್ರಿ ಉಷ್ಣಾಂಶದಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ, ಥಂಡಿ ಹೆಚ್ಚಿದಂತೆ ಬೆಳವಣಿಗೆ ಕುಂಠಿತವಾಗುತ್ತದೆ. ಘಟ್ಟದ ಕೆಳಗಿನ ಸಂಪಾಜೆ, ಪೆರಾಜೆ, ಚೆಂಬು, ಕರಿಕೆಯ ಕಡೆ ಸೆಖೆ ಇರುವುದರಿಂದ ಎಂಟು ಒಂಬತ್ತು ತಿಂಗಳಲ್ಲಿ ಕೀಳಬಹುದು. ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಮೇಲಿರುವ ಮಡಿಕೇರಿ, ಗಾಳಿಬೀಡಿನಂತಹ ಜಾಗಗಳಲ್ಲಿ ಅದೇ ತಳಿಗೆ ಹತ್ತು, ಹನ್ನೆರಡು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಹನ್ನೆರಡು ತಿಂಗಳಾದರೆ ಕೊಯ್ಲು ಮುಂದಿನ ಬೇಸಿಗೆ ಮಳೆಯೊಳಗೆ ಹೋಗಿ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಶ್ರೀ ಜಯ, ಶ್ರೀ ವಿಜಯದಂತಹ ಅಲ್ಪಾವಧಿ ತಳಿಗಳು ಕೇರಳದಲ್ಲಿ ಆರೇಳು ತಿಂಗಳಿಗೆ ಬರುತ್ತವೆ. ಎತ್ತರದ ಜಾಗದವರು ವಿಚಾರಿಸಬೇಕಾದದ್ದು ಇಂತಹ ತಳಿಗಳನ್ನು. ನಮ್ಮ ಚಳಿಯಲ್ಲಿ ಅವಕ್ಕೂ ಒಂದೆರಡು ತಿಂಗಳು ಹೆಚ್ಚು ಕೊಡಬೇಕಾದೀತು.

ಕಕ್ಕಡದಲ್ಲಿ ಒಂದು ಸುತ್ತು

ಜಾಗ ನೋಡಲು ಎಲ್ಲರೂ ಹೋಗುವುದು ಫೆಬ್ರವರಿ, ಮಾರ್ಚಿನಲ್ಲಿ. ಕಾಫಿ ಕೊಯ್ಲು ಮುಗಿದಿರುತ್ತದೆ, ನೆಲ ಒಣಗಿರುತ್ತದೆ, ಎಲ್ಲ ಜಾಗವೂ ಒಳ್ಳೆಯದಾಗಿಯೇ ಕಾಣುತ್ತದೆ. ನನ್ನ ಸಲಹೆ ಬೇರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡದಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುವ ದಿನಗಳಲ್ಲಿ, ಬೂಟು ಹಾಕಿಕೊಂಡು ಗುದ್ದಲಿ ಹಿಡಿದು ಆ ಜಾಗಕ್ಕೆ ಹೋಗಿ. ನೆಡುವುದು ಮುಂದಿನ ವರ್ಷವಾದರೂ ಸರಿ, ಒಂದು ಮಳೆಗಾಲ ಕಾದು ನೋಡಿದ್ದರಿಂದ ನಷ್ಟವೇನಿಲ್ಲ.

ಅಲ್ಲಿ ಮಾಡಬೇಕಾದದ್ದು ಇಷ್ಟು. ಜಾಗದ ಮೇಲ್ಭಾಗ, ನಡು, ಕೆಳಭಾಗ ಹೀಗೆ ಮೂರು ಕಡೆ ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಯಿರಿ. ಪ್ರತಿ ಗುಂಡಿಯ ಮೇಲೆ ಒಂದು ಹಳೆಯ ತಗಡು ಮುಚ್ಚಿ, ಅಂಚಿಗೆ ಸುತ್ತಲೂ ಮಣ್ಣೇರಿಸಿ. ಮೇಲಿನಿಂದ ಮಳೆನೀರು ಬೀಳಬಾರದು, ಹರಿದು ಬರುವ ನೀರೂ ಒಳಗಿಳಿಯಬಾರದು. ಮರುದಿನ ಬೆಳಿಗ್ಗೆ ತಗಡು ಎತ್ತಿ ನೋಡಿ. ಗುಂಡಿಯಲ್ಲಿ ನೀರಿದ್ದರೆ ಅದು ಆಕಾಶದ್ದಲ್ಲ, ನೆಲದೊಳಗಿನಿಂದ ಬಂದದ್ದು. ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಒಂದು ಕಡ್ಡಿ ಇಳಿಸಿ ಅಳೆಯಿರಿ. ಗೆಡ್ಡೆ ಕೂರುವುದು ಮೇಲಿನ ಒಂದಡಿಯಲ್ಲಿ. ನೀರು ನೆಲಮಟ್ಟದಿಂದ ಒಂದೂವರೆ ಅಡಿಯೊಳಗೆ ಬಂದು ನಿಂತಿದ್ದರೆ ಆ ಭಾಗವನ್ನು ಕೈಬಿಡಿ. ಗುಂಡಿ ಒಣಗಿಯೇ ಇದ್ದರೆ ಒಂದು ಬಕೆಟ್ ನೀರು ಸುರಿದು ಇಂಗಲು ಬಿಡಿ, ಮತ್ತೊಂದು ಬಕೆಟ್ ಸುರಿದು ಗಡಿಯಾರ ನೋಡಿ. ಗಂಟೆಗೆ ಎರಡು ಮೂರು ಸೆಂಟಿಮೀಟರ್ ಇಳಿದರೆ ತೃಪ್ತಿಕರ. ಒಂದು ಸೆಂಟಿಮೀಟರೂ ಇಳಿಯದಿದ್ದರೆ ಅಡಿಯಲ್ಲಿ ಜೇಡಿಯೋ ಗಟ್ಟಿ ಜಂಬಿಟ್ಟಿಗೆಯೋ ಇದೆ ಎಂದೇ ಅರ್ಥ.

ಗುಂಡಿಯ ಗೋಡೆಯನ್ನೂ ನೋಡಿ. ಕೆಂಪು, ಕಂದು, ಹಳದಿ ಬಣ್ಣ ಒಂದೇ ಸಮ ಇದ್ದರೆ ಮಣ್ಣಿನಲ್ಲಿ ಗಾಳಿ ಆಡುತ್ತಿದೆ. ಬೂದು ಬಣ್ಣದ ಮಣ್ಣಿನಲ್ಲಿ ತುಕ್ಕಿನಂತಹ ಚುಕ್ಕೆಗಳಿದ್ದರೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಎಷ್ಟೇ ಒಣಗಿದ್ದರೂ ಈ ಚುಕ್ಕೆಗಳು ಅಳಿಯುವುದಿಲ್ಲ. ಮಾರ್ಚಿನಲ್ಲಿ ಜಾಗ ಕೊಳ್ಳುವವರು, ಗುತ್ತಿಗೆಗೆ ಹಿಡಿಯುವವರು ಇದೊಂದು ಗುರುತನ್ನಾದರೂ ನೆನಪಿಟ್ಟುಕೊಳ್ಳಿ.

ನಾನು ಇದನ್ನೆಲ್ಲ ಕಲಿತದ್ದು ಒಂದು ವರ್ಷದ ಬೆಳೆ ಕಳೆದುಕೊಂಡು. ಬಾಣೆ ಮುಗಿದು ಗದ್ದೆ ಶುರುವಾಗುವಲ್ಲಿ ಕಪ್ಪಾದ, ಮೆತ್ತನೆಯ ಮಣ್ಣಿತ್ತು. ಇಷ್ಟು ಒಳ್ಳೆಯ ಮಣ್ಣು ಬೇರೆಲ್ಲೂ ಇಲ್ಲವೆಂದು ಅಲ್ಲೇ ನೆಟ್ಟೆ. ಜುಲೈವರೆಗೆ ಗಿಡಗಳು ಮೇಲಿನವುಗಳಿಗಿಂತ ಸೊಂಪಾಗಿದ್ದವು. ಆಗಸ್ಟ್ ಕೊನೆಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಒಂದು ಬುಡ ಎಳೆದೆ. ಎಳೆಯಲು ಬಲವೇ ಬೇಕಾಗಲಿಲ್ಲ. ಬೆರಳು ಗಾತ್ರದ ಗೆಡ್ಡೆಗಳು ಮೇಲೆ ಸಿಪ್ಪೆಯಾಗಿ ಉಳಿದು, ಒಳಗೆ ಕಂದು ಬಣ್ಣದ ಲೋಳೆಯಾಗಿದ್ದವು. ಕೈಗೆ ಹತ್ತಿದ ಆ ವಾಸನೆ ಎರಡು ದಿನ ಹೋಗಲಿಲ್ಲ. ಹತ್ತು ಮಾರು ಮೇಲಿದ್ದ ಕೆಮ್ಮಣ್ಣಿನ ಗಿಡಗಳು, ನೋಡಲು ಸಪ್ಪಗಿದ್ದವು, ಬುಡಕ್ಕೆ ಮೂರು ನಾಲ್ಕು ಕಿಲೋ ಕೊಟ್ಟವು.

ಗದ್ದೆಯಲ್ಲೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಭತ್ತ ಕೊಯ್ದ ಮೇಲೆ ಅಲ್ಪಾವಧಿ ತಳಿ ಹಾಕುವ ಪದ್ಧತಿ ಕೇರಳದಲ್ಲಿದೆ. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಗದ್ದೆ ಖಾಲಿಯಾಗುವ ಹೊತ್ತಿಗೆ ನಮ್ಮಲ್ಲಿ ಚಳಿ ಶುರುವಾಗಿರುತ್ತದೆ, ನೀರು ಕಟ್ಟಬೇಕಾಗುತ್ತದೆ, ಗೆಡ್ಡೆ ಬಲಿಯುವ ಮೊದಲೇ ಜೂನ್ ಬಂದುಬಿಡುತ್ತದೆ. ಗದ್ದೆ ಭತ್ತಕ್ಕೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಜಾರನ್ನು ಕಣ್ಣಳತೆಗೆ ಬಿಡಬೇಡಿ

ಇಳಿಜಾರಿನಲ್ಲಿ ಹುಟ್ಟಿ ಬೆಳೆದ ನಮಗೆ ಎಲ್ಲವೂ ಸಮತಟ್ಟಾಗಿಯೇ ಕಾಣುತ್ತದೆ. ಅಳೆಯಲು ಎರಡು ಮೀಟರ್ ಉದ್ದದ ನೇರವಾದ ಒಂದು ರೀಪು, ಗಾರೆಯವರ ಒಂದು ರಸಮಟ್ಟ, ಒಂದು ಟೇಪು ಸಾಕು. ರೀಪಿನ ಒಂದು ತುದಿಯನ್ನು ಮೇಲ್ಭಾಗದ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ, ರಸಮಟ್ಟದ ಗುಳ್ಳೆ ನಡುವೆ ಬರುವವರೆಗೆ ಎತ್ತಿ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆ ಎಂದು ಅಳೆದು ಅರ್ಧ ಮಾಡಿದರೆ ಇಳಿಜಾರಿನ ಶೇಕಡಾವಾರು ಸಿಗುತ್ತದೆ. 16 ಸೆಂಟಿಮೀಟರ್ ಬಂದರೆ ಶೇ. 8, 30 ಬಂದರೆ ಶೇ. 15. ಐದಾರು ಕಡೆ ಅಳೆಯಿರಿ.

ಶೇ. 8ರವರೆಗೆ ಧೈರ್ಯವಾಗಿ ನೆಡಬಹುದು. 8ರಿಂದ 15ರವರೆಗೆ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಏರಿ ಹಾಕಿಯೇ ನೆಡಬೇಕು. ಹತ್ತು ಹದಿನೈದು ಮೀಟರಿಗೊಂದು ಲಾವಂಚದ ಸಾಲು, ಅದರ ಮೇಲ್ಬದಿಗೆ ಕಾಫಿ ತೋಟದಲ್ಲಿ ಮಾಡುವಂತೆ, ಹರಿದು ಬರುವ ನೀರು ಮಣ್ಣನ್ನು ತಡೆಯುವ ತೊಟ್ಟಿಲು ಗುಂಡಿಗಳು ಇರಬೇಕು. ಮೇಲಿನಿಂದ ಕೆಳಕ್ಕೆ ನೇರ ಸಾಲು ಹಿಡಿದರೆ ಪ್ರತಿ ಸಾಲೂ ಒಂದು ಚರಂಡಿಯಾಗುತ್ತದೆ. ಶೇ. 15 ದಾಟಿದ ಜಾಗದಲ್ಲಿ ಮರಗೆಣಸು ಬೇಡ. ಅಲ್ಲಿ ಮರ ಇದ್ದರೆ ಮರವೇ ಇರಲಿ, ಇಲ್ಲದಿದ್ದರೆ ಹುಲ್ಲೋ ಬಿದಿರೋ ಬೆಳೆಯಲಿ. ಜೆಸಿಬಿ ತಂದು ಗುಡ್ಡವನ್ನು ಮೆಟ್ಟಿಲಾಗಿ ಕಡಿದರೆ ಸಮತಟ್ಟಾಗುತ್ತದಲ್ಲ ಎಂಬ ಯೋಚನೆಯನ್ನು ದಯವಿಟ್ಟು ಬಿಡಿ. ಗುಡ್ಡದ ಕಾಲನ್ನೇ ಕಡಿದು, ಮೇಲೆ ನೀರಿಂಗಿಸಿದರೆ ಏನಾಗುತ್ತದೆ ಎಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಳಿಜಾರು ಕಡಿಮೆಯಿದ್ದರೂ ಕೆಲವು ಗುರುತುಗಳಿರುವ ಜಾಗವನ್ನು ಮುಟ್ಟಬಾರದು. ಮಳೆಗಾಲದಲ್ಲಿ ಹೊಸದಾಗಿ ಜಲ ಎದ್ದ ಜಾಗ, ಅಡ್ಡಕ್ಕೆ ಬಿರುಕು ಬಿಟ್ಟ ನೆಲ, ಒಂದೇ ಕಡೆಗೆ ವಾಲಿರುವ ಮರಗಳು, ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು. ಇಂತಹ ಕಡೆ ಬೆಳೆಯ ಮಾತು ಬಿಟ್ಟು, ಕೆಳಗೆ ಮನೆಗಳಿದ್ದರೆ ಮೊದಲು ಅವರಿಗೆ ತಿಳಿಸಿ, ಪಂಚಾಯಿತಿಗೂ ತಿಳಿಸಿ.

ಮಣ್ಣು ಕೈಗೆತ್ತಿಕೊಂಡು

ಆಳ ನೋಡಲು ಹಾರೆಯೇ ಸಾಕು. ಹದವಾಗಿ ನೆಲ ನೆನೆದಿರುವಾಗ ಹಾರೆಯನ್ನು ಎತ್ತಿ ಕುಕ್ಕಿದರೆ ಸಲೀಸಾಗಿ ಒಂದೂವರೆ ಅಡಿ ಇಳಿಯಬೇಕು. ಅರ್ಧ ಅಡಿಗೇ ಠಣ್ ಎಂದರೆ ಕಲ್ಲೋ ಜಂಬಿಟ್ಟಿಗೆಯೋ ಸಿಕ್ಕಿದೆ. ಅಂತಹ ಕಡೆ ಗೆಡ್ಡೆ ಅಡ್ಡಡ್ಡ ಹೋಗಿ ಸೊಟ್ಟಗಾಗುತ್ತದೆ, ಕೀಳುವಾಗ ಮುರಿಯುತ್ತದೆ. ಮುರಿದದ್ದನ್ನು ಅಂಗಡಿಯವರು ಮುಟ್ಟುವುದಿಲ್ಲ. ಕಿತ್ತ ಗೆಡ್ಡೆ ಎರಡು ಮೂರು ದಿನದಲ್ಲಿ ಒಳಗೆ ನೀಲಿಗೆರೆ ಬಿದ್ದು ಕೆಡುವುದರಿಂದ ಗಾಯವಾದದ್ದನ್ನು ಇಟ್ಟುಕೊಳ್ಳಲೂ ಆಗದು.

ಇನ್ನು ಮಣ್ಣಿನ ಹದ. ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ, ಕಲ್ಲು ಬೇರು ತೆಗೆದು ಅಕ್ಕಿರೊಟ್ಟಿಯ ಹಿಟ್ಟಿನಂತೆ ನಾದಿ ಉಂಡೆ ಮಾಡಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಗೆ ತಳ್ಳಿ. ಉಂಡೆಯೇ ನಿಲ್ಲದಿದ್ದರೆ ಮರಳು ಹೆಚ್ಚು. ಒಂದು ಇಂಚಿನಷ್ಟು ಪಟ್ಟಿ ಬಂದು ಮುರಿದರೆ ಮರಗೆಣಸಿಗೆ ಹೇಳಿ ಮಾಡಿಸಿದ ಮಣ್ಣು. ಎರಡು ಇಂಚು ದಾಟಿ ನುಣ್ಣಗೆ ಹೊಳೆಯುತ್ತ ಜೋತುಬಿದ್ದರೆ ಜೇಡಿ ಹೆಚ್ಚಿದೆ, ಗೆಡ್ಡೆ ದಪ್ಪವಾಗಲು ಒದ್ದಾಡುತ್ತದೆ. ಎತ್ತರದ ದಿಬ್ಬ ಮಾಡಿ ನೆಟ್ಟರೆ ಜೇಡಿಯಲ್ಲೂ ಒಂದಷ್ಟು ಬರುತ್ತದೆ, ಕೂಲಿ ಲೆಕ್ಕ ಹಾಕಿದರೆ ಗಿಟ್ಟುವುದಿಲ್ಲ.

ಪರೀಕ್ಷೆಗೆ ಮಣ್ಣು ಕೊಡುವುದು

ಮಣ್ಣಿನ ಮಾದರಿ ತೆಗೆಯಲು ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ, ಗೊಬ್ಬರ ಸುಣ್ಣ ಹಾಕುವ ಮೊದಲು. ಒಂದು ಎಕರೆಯಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹನ್ನೆರಡು ಕಡೆ ತೆಗೆಯಿರಿ. ದೊಡ್ಡ ಮರದ ಬುಡ, ಹಟ್ಟಿಗೊಬ್ಬರದ ರಾಶಿ, ಚರಂಡಿ, ಸುಟ್ಟ ಜಾಗ ಬೇಡ. ಮೇಲಿನ ಕಸ ಸರಿಸಿ, ಗುದ್ದಲಿಯಿಂದ 15 ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಕಡಿದು, ಗುಂಡಿಯ ಗೋಡೆಯಿಂದ ಒಂದು ಬೆರಳು ದಪ್ಪದ ಹೋಳು ತೆಗೆದುಕೊಳ್ಳಿ. ಗೆಡ್ಡೆಬೆಳೆಯಾದ್ದರಿಂದ 15ರಿಂದ 30 ಸೆಂಟಿಮೀಟರ್ ಆಳದ ಮಣ್ಣನ್ನೂ ಬೇರೆಯಾಗಿ ತೆಗೆದರೆ ಉತ್ತಮ. ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತ ಅರ್ಧ ಕಿಲೋಗೆ ಇಳಿಸಿ. ನೆರಳಿನಲ್ಲಿ ಆರಿಸಿ. ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ, ಫಲಿತಾಂಶವೇ ಸುಳ್ಳಾಗುತ್ತದೆ. ಎಲ್ಲಿ ಕೊಡಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ಚೀಟಿ ಕೈಗೆ ಬಂದಾಗ ಮೊದಲು ರಸಸಾರ (ಪಿಎಚ್) ನೋಡಿ. 5.5ರಿಂದ 6.5 ಇದ್ದರೆ ಚಿಂತೆಯಿಲ್ಲ. ಈ ಬೆಳೆ 4.5ರ ಹುಳಿ ಮಣ್ಣನ್ನೂ ಸಹಿಸುತ್ತದೆ, ಕಾಫಿಗಿಂತ ಗಟ್ಟಿ. 5ಕ್ಕಿಂತ ಕೆಳಗಿದ್ದರೆ ಚೀಟಿಯಲ್ಲಿ ಹೇಳಿದಷ್ಟು ಸುಣ್ಣವನ್ನೋ ಡೊಲೊಮೈಟನ್ನೋ ನೆಡುವುದಕ್ಕೆ ಕೆಲವು ವಾರ ಮೊದಲೇ ಬೆರೆಸಿ. ಸುಣ್ಣ, ರಸಗೊಬ್ಬರ ಎರಡನ್ನೂ ಒಟ್ಟಿಗೆ ಹಾಕಬಾರದು.

ಆಮೇಲೆ ಪೊಟ್ಯಾಷ್. ಮರಗೆಣಸು ಮಣ್ಣಿನಿಂದ ಅತಿ ಹೆಚ್ಚು ಎಳೆದುಕೊಳ್ಳುವುದು ಇದನ್ನೇ, ಮತ್ತು ನಮ್ಮ ಜಡಿಮಳೆಯಲ್ಲಿ ತೊಳೆದುಹೋಗುವುದೂ ಇದೇ. ಪೊಟ್ಯಾಷ್ ಕಡಿಮೆಯಾದರೆ ಗೆಡ್ಡೆ ಸಣ್ಣದಾಗುವುದಷ್ಟೇ ಅಲ್ಲ, ಕಹಿಯೂ ಹೆಚ್ಚುತ್ತದೆ. ಆ ಕಹಿಯ ಹಿಂದೆ ಇರುವುದು ಸಯನೈಡ್ ಬಿಡುವ ಅಂಶ. ನೀರಿನ ಕೊರತೆಯಾದಾಗಲೂ ಅದು ಏರುತ್ತದೆ, ಕುಶಾಲನಗರದ ಕಡೆಯ ಒಣ ಜಾಗದವರು ಗಮನಿಸಿ. ಯಾವ ಮಣ್ಣಿನದೇ ಆಗಲಿ, ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಮುಚ್ಚಳ ತೆರೆದು ಬೇಯಿಸಿ, ಆ ನೀರನ್ನು ಚೆಲ್ಲಲೇಬೇಕು. ಹಸಿ ಎಲೆ, ಸಿಪ್ಪೆಯನ್ನು ದನಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಸಾವಯವ ಇಂಗಾಲದ ಕಾಲಂನಲ್ಲಿ ಶೇ. 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ ಎನ್ನುತ್ತಾರೆ, ಬಾಣೆಯ ಮಣ್ಣಿನಲ್ಲಿ ಅದಕ್ಕಿಂತಲೂ ಮೇಲಿರುವುದುಂಟು. ಅದನ್ನು ನೋಡಿ ಹಿಗ್ಗಬೇಡಿ. ಅದು ಮರಗಳ ತರಗೆಲೆ ಎಷ್ಟೋ ವರ್ಷ ಕೂಡಿಟ್ಟ ಗಂಟು. ಮರ ತೆಗೆದು, ಬಿಸಿಲಿಗೊಡ್ಡಿ, ಎರಡು ಸಲ ಅಗೆದರೆ ಬೇಗನೆ ಕರಗುತ್ತದೆ. ಎಕರೆಗೆ ಐದು ಟನ್ ಹಟ್ಟಿಗೊಬ್ಬರ ಒದಗಿಸುವ ಶಕ್ತಿ ಇಲ್ಲದವರು ಈ ಬೆಳೆಯನ್ನು ಅಷ್ಟು ಜಾಗಕ್ಕೆ ಹರಡದಿರುವುದೇ ಸರಿ. ಹಳೆಯ ಕಾಫಿ ಕಿತ್ತ ಜಾಗವಾಗಿದ್ದರೆ ತಾಮ್ರದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ವರ್ಷವರ್ಷವೂ ಹೊಡೆದ ಬೋರ್ಡೋ ದ್ರಾವಣದ ತಾಮ್ರ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ.

ಬಿಸಿಲು, ಹಂದಿ, ಆನೆ

ಸಿಲ್ವರ್ ಓಕ್ ನೆರಳಿನಲ್ಲಿ ಮರಗೆಣಸಿನ ಕಾಂಡ ಉದ್ದುದ್ದ ಬೆಳೆಯುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ. ದಿನವಿಡೀ ಬಿಸಿಲು ಬೀಳುವ ಜಾಗ ಬೇಕು. ಅದಕ್ಕಾಗಿ ಮರ ಕಡಿಯಬೇಕಾಗುತ್ತದೆ ಎಂದಾದರೆ ಅದು ಈ ಬೆಳೆಯ ಜಾಗವಲ್ಲ.

ಮಣ್ಣು, ನೀರು ಎಲ್ಲ ಸರಿಯಿದ್ದೂ ಬೆಳೆ ಕೈಗೆ ಬಾರದಿರುವುದು ಹಂದಿಯಿಂದ. ಒಂದೇ ರಾತ್ರಿಯಲ್ಲಿ ಒಂದು ಹಿಂಡು ಸಾಲುಸಾಲು ಮಗುಚಿ ಹಾಕುತ್ತದೆ. ಮುಳ್ಳುಹಂದಿ, ಹೆಗ್ಗಣ ಒಳಗಿಂದೊಳಗೇ ತಿನ್ನುತ್ತವೆ. ಜಾಗ ಕಾಡಿನಂಚಿನಲ್ಲಿದೆಯೇ, ರಾತ್ರಿ ಮನೆಯಿಂದ ನಾಯಿಯ ಕೂಗು ಅಲ್ಲಿಗೆ ಕೇಳುತ್ತದೆಯೇ, ಸೋಲಾರ್ ಬೇಲಿಯ ಖರ್ಚು ಬೆಳೆ ಹೊರುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಮಾಲ್ದಾರೆ, ತಿತಿಮತಿ, ಬಾಳೆಲೆಯ ಕಡೆ ಆನೆ ನಡೆಯುವ ದಾರಿಯಲ್ಲಿರುವವರಿಗೆ ನಾನು ಈ ಬೆಳೆಯನ್ನು ಹೇಳುವುದಿಲ್ಲ. ಗೆಣಸಿನ ಆಸೆಗೆ ಆನೆ ಬಂದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಕಾರ್ಮಿಕರ ಜೀವಕ್ಕೆ ಅಪಾಯ.

ಮೊದಲ ವರ್ಷ ಹತ್ತು ಸೆಂಟ್

ಇಷ್ಟೆಲ್ಲ ದಾಟಿದ ಜಾಗದಲ್ಲೂ ಮೊದಲ ವರ್ಷ ಹತ್ತು ಸೆಂಟಿಗಿಂತ ಹೆಚ್ಚು ಬೇಡ. 90 ಸೆಂಟಿಮೀಟರ್ ಅಂತರಕ್ಕೆ ಸುಮಾರು 500 ಗಿಡ ಹಿಡಿಯುತ್ತವೆ. ಕಾಫಿಯ ಹೂಮಳೆ ಕಳೆದು ಏಪ್ರಿಲಿನಲ್ಲಿ ಇನ್ನೆರಡು ಮಳೆ ಬಿದ್ದ ಕೂಡಲೇ ನೆಟ್ಟರೆ ಜೂನ್ ಬರುವಷ್ಟರಲ್ಲಿ ಬೇರೂರಿರುತ್ತದೆ. ಎಲೆ ಮುದುಡಿ ಹಳದಿ ಮಚ್ಚೆ ಬಿದ್ದ ಗಿಡದಿಂದ ತುಂಡು ತರಬೇಡಿ, ಅದು ಮೊಸಾಯಿಕ್ ರೋಗ. ತುಂಡಿನ ಜೊತೆಗೇ ಬಂದು ಬಿಳಿನೊಣದಿಂದ ಹರಡುತ್ತದೆ. ಸಾಲುಗಳ ನಡುವೆ ಅಲಸಂದೆ ಬಿತ್ತಿದರೆ ಆ ಮೂರು ತಿಂಗಳ ಬರಿನೆಲ ಮುಚ್ಚುತ್ತದೆ.

ಈ ಹತ್ತು ಸೆಂಟಿನ ಕೆಳ ಅಂಚಿಗೆ, ಉದ್ದಕ್ಕೂ, ಒಂದಡಿ ಅಗಲ ಒಂದಡಿ ಆಳದ ತೊಟ್ಟಿಲು ಗುಂಡಿಗಳನ್ನು ತೆಗೆದಿಡಿ. ಮೇಲಿನಿಂದ ಕೊಚ್ಚಿ ಬಂದ ಮಣ್ಣು ಬಂದು ಕೂರುವುದು ಅಲ್ಲಿ. ಸೆಪ್ಟೆಂಬರ್ ಕೊನೆಗೆ, ಮಳೆ ಬಿಟ್ಟ ಮೇಲೆ, ಆ ಮಣ್ಣನ್ನು ಮಕ್ಕರಿಯಲ್ಲಿ ತುಂಬಿ ಎಣಿಸುತ್ತ ಮೇಲಕ್ಕೆ ಹೊತ್ತು ಹಾಕಿ. ಎಣಿಕೆಯನ್ನು ಮಳೆ ಪುಸ್ತಕದಲ್ಲೇ, ಆ ವರ್ಷದ ಇಂಚಿನ ಪಕ್ಕದಲ್ಲಿ ಬರೆದಿಡಿ. ಗುಂಡಿಗಳ ತಳದಲ್ಲಿ ನಾಲ್ಕು ಬೆರಳಷ್ಟು ಮಾತ್ರ ಕೂತಿದ್ದರೆ ಮುಂದಿನ ವರ್ಷ ಪಕ್ಕದ ಹತ್ತು ಸೆಂಟಿಗೆ ಹೋಗಿ, ಮೊದಲ ಜಾಗಕ್ಕೆ ಅಲಸಂದೆಯನ್ನೋ ಹುರುಳಿಯನ್ನೋ ಹಾಕಿ. ಅರ್ಧ ತುಂಬಿದ್ದರೆ ಅಡ್ಡ ಏರಿಗಳನ್ನು ಹತ್ತಿರ ಮಾಡಿ, ಲಾವಂಚದ ಸಾಲು ಹೆಚ್ಚಿಸಿ, ಇನ್ನೊಂದು ವರ್ಷ ಅಷ್ಟೇ ಜಾಗದಲ್ಲಿ ನೋಡಿ. ಗುಂಡಿ ತುಂಬಿ ಹೊರಚೆಲ್ಲಿದ್ದರೆ, ಗೆಡ್ಡೆ ಎಷ್ಟೇ ದಪ್ಪ ಬಂದಿರಲಿ, ಜನವರಿಯಲ್ಲಿ ಕಿತ್ತು ಮಾರಿ ಆ ಜಾಗಕ್ಕೆ ಹುಲ್ಲಿನ ಬೀಜ ಎರಚಿಬಿಡಿ.